ಲೊರೇನ್ ಹೇಗೂ ಗೆಲ್ಲುತ್ತಾಳೆ

ಯಂತ್ರ ಸುಳ್ಳು ಹೇಳುತ್ತಿದೆಯೇ? ಅಥವಾ ಇಷ್ಟು ವರ್ಷ ಈ ಊರಿನ ಜನರೇ ತನಗೆ ಸುಳ್ಳು ಹೇಳಿದರೇ? ಯಾವುದನ್ನು ನಂಬಿದರೂ ಚನ್ನವೀರ ಕಡ್ಲಿಗೆ ಸಿಟ್ಟೇ ಬರುತ್ತಿತ್ತು. ಒಹಾಯೊ ರಾಜ್ಯದ ಕಾರ್ವೆಲ್ ಪಟ್ಟಣದ ಮತಗಟ್ಟೆಯ ಹೊರಗೆ ನಿಂತು ಅವನು ದೊಡ್ಡ ಫಲಕವನ್ನು ದಿಟ್ಟಿಸುತ್ತಿದ್ದ. ಲೊರೇನ್ ಪೈಕ್, ಮೂರನೆಯ ಪಕ್ಷ: ನೂರಕ್ಕೆ ಐವತ್ತೆಂಟು. ಉಳಿದದ್ದನ್ನು ಕೆಂಪು, ನೀಲಿ ಎಂಬ ಎರಡು ಹಳೆಯ ಪಕ್ಷಗಳು ಹಂಚಿಕೊಂಡಿದ್ದವು.

"ಅಕ್ಕಾರ, ಇದು ಖರೇ ಏನ್ರಿ?"

ಆಶಯಮಾಪಕವೆಂಬ ಆ ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ವಾರಿಜಾ ಕುಲಗೋಡ ನಕ್ಕರು. "ಖರೇ ಇಲ್ದ ಮತ್ತೇನೋ ತಮ್ಮಾ? ಗೆದ್ರೂ ಅಳಾವ ನೀ ಒಬ್ಬನ ನೋಡು!"

ಮತ ಹಾಕುವ ಮುನ್ನ ಪ್ರತಿಯೊಬ್ಬರೂ ಹಣೆಗೆ ತೆಳುವಾದ ಪಟ್ಟಿಯೊಂದನ್ನು ಕಟ್ಟಿಕೊಳ್ಳಬೇಕಿತ್ತು. ಅಭ್ಯರ್ಥಿಗಳ ಮುಖ ಕಂಡ ಕ್ಷಣ, ಲೆಕ್ಕಾಚಾರ ಹುಟ್ಟುವ ಮೊದಲೇ, ಮಿದುಳಿನಲ್ಲಿ ಏಳುವ ಆಸೆಯ ಮಿಡಿತವನ್ನು ಪಟ್ಟಿ ಗ್ರಹಿಸುತ್ತಿತ್ತು. ಮತದಾರರ ಹೆಸರು ಬಿಟ್ಟು ಮೊತ್ತವಷ್ಟೇ ಹೊರಗಿನ ಫಲಕಕ್ಕೆ ಹೋಗುತ್ತಿತ್ತು. ಮತವನ್ನು ಮಾತ್ರ ಎಂದಿನಂತೆ ಕಾಗದದ ಮೇಲೆ ಪೆನ್ನಿನಿಂದಲೇ ಗುರುತಿಸಬೇಕು. ಅಮೆರಿಕದಲ್ಲಿ ಮೂರನೆಯ ಪಕ್ಷವನ್ನು ಪ್ರತಿ ಸಲ ಕೊಲ್ಲುತ್ತಿದ್ದುದು ಒಂದೇ ಮಾತು: 'ನಿಮ್ಮವಳು ಒಳ್ಳೆಯವಳೇ, ಆದರೆ ಗೆಲ್ಲುವುದಿಲ್ಲ. ನನ್ನ ಓಟು ಹಾಳಾಗಿ ಆ ಕಡೆಯವನು ಬಂದುಬಿಡುತ್ತಾನೆ.' ಎಲ್ಲರ ಮನಸ್ಸು ಎಲ್ಲರಿಗೂ ಕಂಡರೆ ಆ ಮಾತಿಗೆ ಜೀವವಿರದು ಎಂಬುದು ವಾರಿಜಾರ ನಂಬಿಕೆ.

ಚನ್ನವೀರ ಆ ಮಾತನ್ನು ಮನೆಮನೆಯ ಬಾಗಿಲಲ್ಲಿ ಕೇಳಿದ್ದ. ಊರಿನ ಹೆರಿಗೆ ಆಸ್ಪತ್ರೆ ಮುಚ್ಚಿದಾಗ ಹಳೆಯ ಪಕ್ಷಗಳೆರಡೂ ಒಂದರತ್ತ ಒಂದು ಬೆರಳು ತೋರಿಸಿ ಸುಮ್ಮನಾಗಿದ್ದವು. ಅವನ ಹೆಂಡತಿ ಸುವರ್ಣಾ ದೂರದ ಆಸ್ಪತ್ರೆಯ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಹೆತ್ತಳು. ಮಗು ಅಳಲಿಲ್ಲ. ಹಿಂದಿನ ಕಾರಿನಿಂದ ಓಡಿಬಂದು ಆ ಮಗುವನ್ನು ಎತ್ತಿಕೊಂಡವಳು ನರ್ಸ್ ಲೊರೇನ್. ಆಸ್ಪತ್ರೆಯನ್ನು ಮತ್ತೆ ತೆರೆಸುತ್ತೇನೆಂದೇ ಅವಳು ಚುನಾವಣೆಗೆ ನಿಂತಿದ್ದಳು.

ಪಕ್ಕದ ಮನೆಯ ವಾಲ್ಟ್ ಮತಗಟ್ಟೆಯ ಸಾಲಿನಿಂದಲೇ ಕೂಗಿದ. "ಏನಪ್ಪಾ, ಕೊನೆಗೂ ನಿಮ್ಮ ಪಕ್ಷದ ಮದುವೆಗೂ ಜನ ಬಂದರಲ್ಲ! ಲೊರೇನ್ ಇನ್ನು ಹೇಗೂ ಗೆಲ್ಲುತ್ತಾಳೆ ಬಿಡು!"

ಚನ್ನವೀರ ನಕ್ಕು ಅವನ ಬೆನ್ನು ತಟ್ಟಿದ. ಅವನ ಹಿಂದೆಯೇ ಒಳಗೆ ಹೋಗಿ ತಾನೂ ಮತ ಹಾಕಿ ಬಂದ.

ಸಂಜೆ ಎಣಿಕೆ ಮುಗಿಯಿತು. ಕೆಂಪು ಪಕ್ಷ ಗೆದ್ದಿತ್ತು, ನೀಲಿ ಅದರ ಬೆನ್ನಿಗೇ ಇತ್ತು. ಲೊರೇನ್ ಬಹಳ ಹಿಂದೆ, ಮೂರನೆಯ ಸ್ಥಾನದಲ್ಲಿದ್ದಳು.

ಚನ್ನವೀರ ಕುರ್ಚಿಯನ್ನು ಒದ್ದ. ಹೊರಗೆ ನಿಂತಿದ್ದ ವಾಲ್ಟ್‌ನ ಅಂಗಿ ಹಿಡಿದು ಎಳೆದ. "ಯಾರಿಗೆ ಹಾಕಿದೆ? ಹೇಳು!"

"ನೀಲಿಗೆ," ಎಂದ ವಾಲ್ಟ್. "ಅವಳು ಗೆದ್ದಾಗಿದೆ ಅಂತ ನಿಮ್ಮ ಫಲಕವೇ ಹೇಳುತ್ತಿತ್ತಲ್ಲ. ನನ್ನ ಓಟನ್ನು ಅಲ್ಲಿ ಸುಮ್ಮನೆ ಸುರಿಯುವ ಬದಲು ಕೆಂಪಿನವರ ಕಪಾಳಕ್ಕೆ ಒಂದು ಕೊಡೋಣ ಅಂದುಕೊಂಡೆ."

ಕೆಂಪಿನವರೂ ಹಾಗೆಯೇ ಅಂದುಕೊಂಡು ನೀಲಿಯವರ ಕಪಾಳಕ್ಕೆ ಕೊಟ್ಟಿದ್ದರು.

"ನನ್ನ ಮಗು ಸತ್ತದ್ದು ಗೊತ್ತಿರಲಿಲ್ಲವೇನೋ ನಿನಗೆ?"

ವಾಲ್ಟ್ ತಲೆ ತಗ್ಗಿಸಿದ. "ಗೊತ್ತಿತ್ತು. ಅವಳಿಗೆ ನಿನ್ನ ಓಟಂತೂ ಇದ್ದೇ ಇದೆ ಅಂದುಕೊಂಡೆ."

ಚನ್ನವೀರನ ಕೈ ಸಡಿಲವಾಯಿತು. ಆದರೆ ಬಾಯಿ ನಿಲ್ಲಲಿಲ್ಲ. ವಾರಿಜಾರ ಕಡೆ ತಿರುಗಿ ಅರಚಿದ. "ಇವ್ರು ಮನಷ್ಯಾರೇನ್ರಿ ಅಕ್ಕಾರ? ಹೇಡಿಗಳು! ಇಡೀ ಊರಾಗ ಬೆನ್ನೆಲುಬು ಇದ್ದಾವ ಒಬ್ಬನೂ ಇಲ್ಲ!"

ವಾರಿಜಾ ಹಣೆಪಟ್ಟಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತಿದ್ದರು. "ಆಸೀ ಅಳದ್ನಿ ತಮ್ಮಾ, ತಪ್ಪಿಲ್ದಂಗ ಅಳದ್ನಿ. ಆಸೀ ತೀರೂದು ಗ್ಯಾರಂಟಿ ಅಂತ ಗೊತ್ತಾದ್ರ ಮಂದಿ ಸಿಟ್ಟು ತೀರಿಸ್ಕೊಳ್ಳಾಕ ಹೊಕ್ಕಾರ ಅನ್ನೂದು ನನಗ ಹೊಳೀಲಿಲ್ಲ."

ಅಷ್ಟರಲ್ಲಿ ಲೊರೇನ್ ಬಂದಳು. ಅತ್ತಿರಲಿಲ್ಲ, ದಣಿದಿದ್ದಳು, ಅಷ್ಟೆ. ಚನ್ನವೀರನ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಬೈದದ್ದು ಸಾಕು, ಚನ್ನ. ನನಗೆ ಬಿದ್ದ ಓಟುಗಳಲ್ಲಿ ಒಂದಾದರೂ ಯಾರದೆಂದು ನನಗೆ ಗೊತ್ತು."

ಅವನು ಕೈ ಬಿಡಿಸಿಕೊಂಡು ಉಳಿದ ಹಣೆಪಟ್ಟಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. ಫಲಕವನ್ನು ನಂಬಿ, ಕೆಂಪಿನವರ ಮೇಲಿನ ಸಿಟ್ಟಿಗೆ ತಾನೂ ನೀಲಿ ಪಕ್ಷಕ್ಕೇ ಗುರುತು ಹಾಕಿದ್ದೆನೆಂದು ಅವನು ಲೊರೇನ್‌ಗಾಗಲಿ, ಸುವರ್ಣಾಳಿಗಾಗಲಿ ಎಂದೂ ಹೇಳಲಿಲ್ಲ.