ಮೊದಲ ಮೆಟ್ಟಿಲಿನ ಹಾಡು

ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ಹೆಂಗಸು ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಆ ಒತ್ತಿಕೊಳ್ಳುವ ರೀತಿಯನ್ನು ಪ್ರಭುರಾಜ ಬಲ್ಲ. ಮುಖ ಕಾಣುವ ಮೊದಲೇ ಅವನ ಕಪ್ಪಿನ ಚಹಾ ಬಸಿಗೆ ಚೆಲ್ಲಿತು.

"ಕಂಟ್ರೋಲರ್ ಸಾಹೇಬ್ರು ಇನ್ನೂ ಚಾ ಚೆಲ್ತಾರೇನು?" ಎಂದಳು, ಹತ್ತಿರ ಬಂದು.

ವಿಶಾಖಾ. ಕೂದಲೆಲ್ಲ ಬೆಳ್ಳಗಾಗಿತ್ತು. ನಗು ಮೊದಲು ಕಣ್ಣಿನ ಅಂಚಿನಲ್ಲಿ ಹುಟ್ಟಿ, ತುಟಿಗೆ ಇಳಿಯಲು ತುಸು ತಡಮಾಡುವ ಆ ಹಳೆಯ ಅಭ್ಯಾಸ ಮಾತ್ರ ಹಾಗೆಯೇ ಉಳಿದಿತ್ತು.

"ಟೀಚರ್..." ಎಂದನಷ್ಟೆ.

"ರಿಟೈರ್ ಆಗಿ ಭಾಳ ವರ್ಷ ಆತ್ರೀ. ಈಗ ಬರೇ ವಿಶಾಖಾ."

"ನಾನೂ ರಿಟೈರ್ ಆದೆ."

"ಗೊತ್ತಾಗ್ತದ ಬಿಡ್ರಿ. ಬಸ್ ಸ್ಟ್ಯಾಂಡಿನ್ಯಾಗ ಈಗ ಮಿಶಿನ್ ಕೂಗ್ತದ. ಒಂದು ಊರಿನ ಹೆಸರೂ ನೆಟ್ಟಗ ತಿಳಿಯೂದಿಲ್ಲ."

ರಾಯಚೂರಿನ ಆ ವಾಚನಾಲಯದ ಮಹಡಿಯಲ್ಲಿ ಭಾನುವಾರದ ಮಧ್ಯಾಹ್ನ ಹಳೆಯ ರೇಡಿಯೊದ ಪ್ರೇಮಿಗಳು ಸೇರುತ್ತಾರೆ. ಅದನ್ನು ಆರಂಭಿಸಿದವಳು ಮಿನಾಜ್, ಕಾಲೇಜಿನಲ್ಲಿ ಪಾಠ ಹೇಳುವ ತರುಣಿ. ಹಿಂದೊಮ್ಮೆ ಪ್ರತಿ ಭಾನುವಾರ ಪ್ರಸಾರವಾಗುತ್ತಿದ್ದ 'ಗೀತ ಸೋಪಾನ'ವನ್ನು ಯಾರಾದರೂ ಟೇಪಿಗೆ ಹಿಡಿದಿಟ್ಟಿದ್ದರೆ ಆ ಕ್ಯಾಸೆಟ್ಟು ತರುತ್ತಾರೆ. ಎಲ್ಲರೂ ಕೂತು ಕೇಳುತ್ತಾರೆ. ಕೇಳುಗರು ಕಳಿಸಿದ ಕಾರ್ಡುಗಳನ್ನು ಲೆಕ್ಕ ಹಾಕಿ, ಆ ವಾರದ ಹಾಡುಗಳನ್ನು ಹತ್ತನೆಯ ಮೆಟ್ಟಿಲಿನಿಂದ ಮೊದಲನೆಯ ಮೆಟ್ಟಿಲಿನವರೆಗೆ ಏರಿಸುತ್ತಿದ್ದ ಕಾರ್ಯಕ್ರಮ ಅದು. ಇಂದು ಆ ಹಾಡುಗಳಲ್ಲಿ ಬಹುಪಾಲು ಯಾರಿಗೂ ನೆನಪಿಲ್ಲ. ಅವುಗಳನ್ನು ನೆನೆಯುವ ಮಂದಿಯೂ ಹಾಗೆಯೇ, ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಇಂದು ದೇವದುರ್ಗದಿಂದ ಹೊಸ ಕ್ಯಾಸೆಟ್ಟೊಂದು ಬರುತ್ತದೆ ಎಂದು ಮಿನಾಜ್ ಹೇಳಿದ್ದಳು. ಯಾರು ತರುತ್ತಾರೆಂದು ಹೇಳಿರಲಿಲ್ಲ.

ವಿಶಾಖಾ ಚೀಲದಿಂದ ಕ್ಯಾಸೆಟ್ಟು ತೆಗೆದು ಮಿನಾಜಳ ಕೈಗಿತ್ತು, ಅವನ ಪಕ್ಕದ ಕುರ್ಚಿಯನ್ನು ಬಿಟ್ಟು ಅದರಾಚೆಯ ಕುರ್ಚಿಯಲ್ಲಿ ಕೂತಳು. ನಡುವಿನ ಖಾಲಿ ಕುರ್ಚಿಯ ಮೇಲೆ ಕಿಟಕಿಯ ಬಿಸಿಲು ಬಂದು ಕೂತಿತು.

*

ಆಗ ಪ್ರಭುರಾಜ ಮಾನ್ವಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಚಂದ್ರಬಂಡದ ಕುರಿಗಾರರ ಮನೆಯ ಹುಡುಗ. ಗುಡ್ಡದಾಚೆಯ ಹಿಂಡಿಗೆ ಕೇಳಿಸುವಂತೆ ಕೂಗಿ ಬೆಳೆದ ಕಂಠ. ಮೈಕಿನ ಮುಂದೆ ಕೂತು ಅವನು ಊರುಗಳ ಹೆಸರು ಹೇಳಿದರೆ, ಹೋಗಬೇಕಿಲ್ಲದವರಿಗೂ ಆ ಊರಿಗೆ ಹೋಗಿಬರೋಣ ಅನ್ನಿಸುತ್ತಿತ್ತು.

ವಿಶಾಖಾ ಕುರ್ಡಿಯ ಶಾಲೆಗೆ ಬಂದ ಹೊಸ ಟೀಚರ್. ಅವಳ ತಂದೆ ಗದ್ದೆಪ್ಪ ದೇವದುರ್ಗದಲ್ಲಿ ಕೂಲಿ ಮಾಡಿ, ಮನೆಯ ಗೋಡೆಗೆ ಬುದ್ಧನ ಪಟ ಹಾಕಿ, ಮಗಳನ್ನು ಓದಿಸಿದ್ದ. ಶನಿವಾರ ಊರಿಗೆ ಹೋದವಳು ಸೋಮವಾರದ ಮೊದಲ ಬಸ್ಸಿಗೆ ಮಾನ್ವಿಗೆ ಬಂದು, ಕುರ್ಡಿಯ ಬಸ್ಸಿಗಾಗಿ ಅರ್ಧ ತಾಸು ಕಾಯುತ್ತಿದ್ದಳು. ಆ ಅರ್ಧ ತಾಸು ಅವರಿಬ್ಬರದು.

ಭಾನುವಾರ ಅವನಿಗೆ ಡ್ಯೂಟಿ. ಸೋಪಾನ ಕೇಳಲು ಆಗುತ್ತಿರಲಿಲ್ಲ. ಮೊದಲ ಪಗಾರದಲ್ಲಿ ಟೇಪ್ ರೆಕಾರ್ಡರ್ ಕೊಂಡಿದ್ದ ಅವಳು ಅದನ್ನು ಅಪ್ಪನ ರೇಡಿಯೊದ ಮುಂದೆ ಇಟ್ಟು ಎಲ್ಲವನ್ನೂ ಹಿಡಿಯುತ್ತಿದ್ದಳು. ಸೋಮವಾರ ಕ್ಯಾಬಿನ್ನಿನ ಕಿಟಕಿಯಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದಳು.

"ನಮ್ಮ ಹಾಡು ಎರಡು ಪಾವಟಿಗಿ ಏರೇದ."

"ಹಾಡ್ರಿ ಮತ್ತ."

"ಬಸ್ ಸ್ಟ್ಯಾಂಡಿನ್ಯಾಗ? ಮಂದಿ ರೊಕ್ಕ ಒಗೀತಾರ."

"ನಾ ಮೈಕ್ ಆಫ್ ಮಾಡೀನಿ."

"ಮೈಕ್ ಆಫ್ ಮಾಡೀರಿ, ಮಾರಿ ಆಫ್ ಮಾಡಿಲ್ಲ. ಎಲ್ಲಾರೂ ನೋಡಾಕತ್ತಾರ."

'ನಿನ್ನೂರ ದಾರಿಗೆ ನೂರು ತಿರುವು' ಎಂದು ಶುರುವಾಗುತ್ತಿತ್ತು ಆ ಹಾಡು. ಚಿತ್ರ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಹಾಡು ಮಾತ್ರ, ಯಾರ ಹಂಗೂ ಇಲ್ಲದೆ, ವಾರವಾರ ಮೇಲೇರುತ್ತಿತ್ತು.

ಕುರ್ಡಿಯ ಬಸ್ಸು ಬಂದು ನಿಂತರೆ ಅವನ ಕಂಠಕ್ಕೆ ಏನೋ ಆಗುತ್ತಿತ್ತು. ಉಳಿದ ಬಸ್ಸುಗಳ ಹೆಸರು ಊರಿಗೆಲ್ಲ ಕೇಳುವಂತೆ ಕೂಗುವವನು, ಆ ಒಂದು ಹೆಸರನ್ನು ಮೈಕಿಗೂ ಕೇಳಿಸದಂತೆ ಹೇಳುತ್ತಿದ್ದ. ಆ ಬಸ್ಸಿನ ಕಂಡಕ್ಟರ್ ಜಿಲಾನಿ ಪಾಷಾ ಕ್ಯಾಬಿನ್ನಿಗೇ ಬಂದು ನಿಲ್ಲುತ್ತಿದ್ದ.

"ಯಾಕ್ ಸಾಹೇಬ್ರ, ನಮ್ ಬಸ್ ಏನ್ ಪಾಪ ಮಾಡೇದ? ಟೀಚರಮ್ಮ ಒಬ್ರೇ ಸಾಕು, ಬೇರೆ ಪ್ಯಾಸೆಂಜರ್ ಬ್ಯಾಡ ಅಂತ ಮೇಲಿಂದ ಆರ್ಡರ್ ಬಂದದೇನು?"

ವಿಶಾಖಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬಸ್ಸು ಹತ್ತುತ್ತಿದ್ದಳು. ಕಿಟಕಿಯಲ್ಲಿ ಕೂತ ಮೇಲೆ ಒಮ್ಮೆ ಮಾತ್ರ ತಿರುಗಿ ನೋಡುತ್ತಿದ್ದಳು. ಆ ಒಂದು ನೋಟವನ್ನು ಅವನು ಶನಿವಾರದವರೆಗೆ ಉಳಿಸಿ ಬಳಸುತ್ತಿದ್ದ.

ಹಾಡು ಮೂರನೆಯ ಮೆಟ್ಟಿಲು ಮುಟ್ಟಿದ ವಾರ, ಅವಳೇ ಕೇಳಿದಳು, ಕಿಟಕಿಯ ಸರಳಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತ:

"ನಮ್ಮಪ್ಪ ಕೇಳಾಕತ್ತಾನ. ಮಾನ್ವ್ಯಾಗ ಯಾರ ಜೋಡಿ ಇಷ್ಟು ಮಾತಾಡ್ತಿ ಅಂತ."

ಪ್ರಭುರಾಜನಿಗೆ ತಾಯಿ ಮಾರೆಮ್ಮ ನೆನಪಾದಳು. ಯಾವ ಓಣಿಯ ನೀರು ಯಾವ ಮನೆಗೆ ಬರಬಾರದು ಎಂಬುದನ್ನು ಇನ್ನೂ ಮರೆಯದವಳು. ಭಯವನ್ನು ಅವನು ತಮಾಷೆಯ ಕೆಳಗೆ ಮುಚ್ಚಿಟ್ಟ.

"ನಮ್ಮ ಹಾಡು ಒಂದನೇ ಮೆಟ್ಟಿಲಿಗೆ ಬರ್ಲಿ. ಬಂದ ದಿನ ನಾನೂ ನಿಮ್ಮಪ್ಪನ ಮನಿ ಮೆಟ್ಟಿಲು ಹತ್ತತೀನಿ. ಖರೇ."

"ಹಾಡು ಬರಲಿಲ್ಲಂದ್ರ?"

"ಬರ್ತದ ಬಿಡ್ರಿ."

ಅವಳು ನಕ್ಕಳು. ಆ ಸಲ ನಗು ಕಣ್ಣಲ್ಲೇ ಉಳಿಯಿತು.

ಮರುವಾರದ ಸೋಮವಾರ ಅವಳು ಬಂದಾಗ ಅವನು ಮೈಕು ಆಫ್ ಮಾಡಿ ಕಾಯುತ್ತಿದ್ದ.

"ಏನಾತು?"

"ಎರಡನೇದು" ಎಂದಳು. ಎಂದೂ ನೋಡದಷ್ಟು ನೇರವಾಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ಹೌದಾ? ಛೇ. ಇರ್ಲಿ, ಮುಂದಿನ ವಾರ ನೋಡೂಣು."

ಹಾಗೆ ಹೇಳುವಾಗ ಅವನ ಎದೆಯಲ್ಲಿ ಬೇಸರದ ಹಿಂದೆಯೇ ಒಂದು ನೆಮ್ಮದಿಯೂ ಹಾಯ್ದುಹೋಯಿತು. ಇನ್ನೊಂದು ವಾರ ಸಿಕ್ಕಿತಲ್ಲ ಎಂಬ ನೆಮ್ಮದಿ. ಅದು ಅವನ ಮುಖದ ಮೇಲೂ ಹಾಯ್ದಿರಬೇಕು. ಅವಳು ಕಿಟಕಿಯ ಕಟ್ಟೆಯಿಂದ ಕೈ ತೆಗೆದಳು.

ಮುಂದಿನ ಸೋಮವಾರ ಅವಳು ಕಿಟಕಿಗೆ ಬರಲಿಲ್ಲ. ಅವನೇ ಹೊರಗೆ ಹೋಗಿ ಕೇಳಿದಾಗ, "ನಾಕನೇದಕ್ಕ ಇಳೀತ್ರೀ" ಎಂದು ಬಸ್ಸು ಹತ್ತಿದಳು. ತಿರುಗಿ ನೋಡಲಿಲ್ಲ.

ಬೇರೆ ಯಾರನ್ನಾದರೂ ಕೇಳಿ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಅವಳು ಹೇಳಿದ್ದೇ ಸೋಪಾನ. ಮಳೆಗಾಲಕ್ಕೆ ಅವಳಿಗೆ ದೇವದುರ್ಗದ ಕಡೆಗೆ ವರ್ಗವಾಯಿತು; ದೀಪಾವಳಿಯ ಹೊತ್ತಿಗೆ ಮದುವೆಯ ಸುದ್ದಿ ಬಂತು. ಮನೆಯವರು ತೋರಿಸಿದ ಉಮಾದೇವಿಯನ್ನು ಪ್ರಭುರಾಜನೂ ಮದುವೆಯಾದ. ಒಳ್ಳೆಯವಳು. ಅವಳಿಗೆ ಹಾಡುಗಳ ಹುಚ್ಚಿರಲಿಲ್ಲ.

*

ಮಿನಾಜ್ ಗುಂಡಿ ಒತ್ತಿದಳು. ಮೊದಲು ಬರೀ ಸುಂಯ್‌ ಎನ್ನುವ ಸದ್ದು, ದೂರದ ಮಳೆಯ ಹಾಗೆ. ಆಮೇಲೆ ನಿರೂಪಕನ ಮೆಲುದನಿ, ತಿಂಗಳು, ವಾರ.

ಪ್ರಭುರಾಜ ಕಪ್ಪನ್ನು ಕೆಳಗಿಟ್ಟ. ಆ ವಾರವೇ.

ಹತ್ತು, ಒಂಬತ್ತು, ಎಂಟು. ಕೂತವರು ಕಾಲಿನಿಂದ ತಾಳ ಹಾಕುತ್ತಿದ್ದರು. ಐದನೆಯ ಹಾಡಿನ ನಡುವೆ ಯಾರದೋ ಮನೆಯ ಕೋಳಿ ಕೂಗಿತು. ಮೂರನೆಯದರ ನಡುವೆ ಒಂದು ಹೆಂಗಸಿನ ದನಿ: "ವಿಶಾಖಾ, ಹಂಚು ಕಾದದ ನೋಡ, ರೊಟ್ಟಿ ಬಡಿಯಾಕ ಬಾರ!" ಎಲ್ಲರೂ ನಕ್ಕರು.

"ನಮ್ಮವ್ವ, ಮೂಕಮ್ಮ" ಎಂದಳು ವಿಶಾಖಾ, ನೆಲ ನೋಡುತ್ತ. "ಹೆಸರಷ್ಟೇ ಮೂಕಿ."

ಎರಡನೆಯ ಮೆಟ್ಟಿಲಿಗೆ ಬೇರೊಂದು ಹಾಡು ಬಂತು.

ಪ್ರಭುರಾಜ ಅವಳ ಕಡೆ ತಿರುಗಿದ. ಅವಳು ತಿರುಗಲಿಲ್ಲ. ಆ ಬೇರೊಂದು ಹಾಡು ಎಷ್ಟು ಉದ್ದವಿತ್ತೆಂದರೆ, ಅದು ಮುಗಿಯುವಷ್ಟರಲ್ಲಿ ಅವನು ತನ್ನ ಬದುಕನ್ನೆಲ್ಲ ಒಮ್ಮೆ ಹಿಂದಕ್ಕೆ ನಡೆದುಹೋಗಿ, ಮಾನ್ವಿಯ ಕಿಟಕಿಯ ಮುಂದೆ ನಿಂತಿದ್ದ.

ನಿರೂಪಕ ಮೊದಲನೆಯ ಮೆಟ್ಟಿಲಿನ ಹಾಡನ್ನು ಹೆಸರಿಸಿದ. ಅವನ ಮಾತು ಮುಗಿಯುವ ಮುನ್ನವೇ, ರೇಡಿಯೊಗಿಂತ ಹತ್ತಿರದಿಂದ, ಇಪ್ಪತ್ತರ ಹರೆಯದ ಒಂದು ಕಂಠ ಕಿರುಚಿತು:

"ಯವ್ವಾ! ಒಂದನೇದು! ನಮ್ಮದು ಒಂದನೇದು ಬಂತು ಬೇ!"

ಓಡುವ ಸದ್ದು. ಕೈಬಳೆಯ ಸದ್ದು. ಪಾತ್ರೆಯೊಂದು ಉರುಳಿದ ಸದ್ದು. ಅದರ ಮೇಲೆ, ಏನೂ ಅರಿಯದೆ, ನಿನ್ನೂರ ದಾರಿಗೆ ನೂರು ತಿರುವು.

*

ಅವಳನ್ನು ಬಿಡಲು ಅವನು ಬಸ್ ನಿಲ್ದಾಣದವರೆಗೆ ನಡೆದ. ರಸ್ತೆಯ ಬದಿಯ ಬಂಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು.

"ಉಮಾದೇವಿ ಅವ್ರು ಹೋದದ್ದು ಕೇಳಿದ್ದೆ" ಎಂದಳು. "ನಮ್ಮವರೂ ಹೋಗಿ ಭಾಳ ದಿನ ಆತು. ಒಳ್ಳೇ ಮನಷ್ಯಾ ಇದ್ದರು."

"ಸುಳ್ಳು ಯಾಕ ಹೇಳಿದ್ರಿ, ಟೀಚರ್?"

ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಕುಣದಾಡಿದ್ದು ಕೇಳಿದ್ರಲ್ಲ. ಆ ಖುಷಿ ರೊಟ್ಟಿ ಬಡದು ಮುಗಿಯೂತನಕಾನೂ ಉಳೀಲಿಲ್ಲ ನೋಡ್ರಿ. ನಮ್ಮಪ್ಪನ ಮನಿಗೆ ಬರಾಕ ಈ ಮನಷ್ಯಾಗ ಊರೂರಿನ ಮಂದಿ ಕಾರ್ಡು ಬರೀಬೇಕಾತಲ್ಲ ಅನ್ನಿಸ್ತು. ಹಾಡು ಸೋತಿದ್ರ ಬರ್ತಿದ್ದನೋ ಇಲ್ಲೋ? ಅದನ್ನೊಂದು ತಿಳಕೋಬೇಕಿತ್ತು. ಅದಕ್ಕ ಎರಡು ಅಂದೆ. ಎರಡಾದ್ರೇನು, ನಡೀರಿ ಹೋಗೂಣು ಅಂತೀರಿ ಅನಕೊಂಡಿದ್ದೆ."

"ನಾ ಮುಂದಿನ ವಾರ ಅಂದೆ."

"ಹೂಂ. ಅಂದ್ರಿ."

ದೇವದುರ್ಗದ ಬಸ್ಸು ಅರ್ಧ ಖಾಲಿಯಾಗಿ ನಿಂತಿತ್ತು. ಅವಳು ಮೆಲ್ಲನೆ ಹೇಳಿದಳು:

"ನೀವು ಭಾನುವಾರಕ್ಕೊಮ್ಮೆ ಅಲ್ಲಿಗೆ ಬರ್ತೀರಂತ ಮಿನಾಜ್ ಹೇಳಿದ್ಲು. ಅದಕ್ಕೇ ಕ್ಯಾಸೆಟ್ ತಂದೆ. ಮಗಳು ಪ್ರಿಯದರ್ಶಿನಿ ಒಂದೇ ಸವನೆ ಅಂತಿರ್ತಾಳ, ಯವ್ವಾ, ಆ ಹಾಡಿನ ಸಾಹೇಬ್ರನ್ನ ಒಮ್ಮೆ ಮನಿಗೆ ಕರಕೊಂಡು ಬಾ, ರೊಟ್ಟಿ ಉಣ್ಣಿಸೂಣು ಅಂತ."

ಪ್ರಭುರಾಜನ ಎಲ್ಲ ಮಾತುಗಳೂ ಒಮ್ಮೆಗೇ ಬಂದು, ಬಾಗಿಲಲ್ಲಿ ಸಿಕ್ಕಿಕೊಂಡ ಪ್ರಯಾಣಿಕರ ಹಾಗೆ, ಯಾವುದೂ ಹೊರಬಾರದೆ ನಿಂತವು. ಕೊನೆಗೆ ನುಸುಳಿ ಬಂದದ್ದು ಇದು:

"ಮತ್ತ... ಆ ಮುಂದಿನ ವಾರ? ಖರೇನ ನಾಕನೇದಕ್ಕ ಇಳದಿತ್ತೇನು?"

ಅವಳು ನಿಂತುಬಿಟ್ಟಳು. ಕಣ್ಣಿನ ಅಂಚಿಗೆ ನಗು ಬಂತು. ಅದರ ಜೊತೆಗೆ ಇನ್ನೇನೋ ಬಂತು.

"ಇಷ್ಟು ವರ್ಷ ಆದ ಮ್ಯಾಲೂ ನೀವು ಹಾಡನ್ನೇ ಕೇಳ್ತೀರಲ್ರೀ, ಸಾಹೇಬ್ರ."

"ಅಲ್ಲ, ನಾ..."

"ಆ ವಾರ ನಾ ರೇಡಿಯೋನೇ ಹಚ್ಚಲಿಲ್ಲ. ನಾಕು ಅನ್ನೂದು ಬಾಯಿಗೆ ಬಂತು, ಅಂದೆ."

ಹಾಗಾದರೆ ಹಾಡು ಇಳಿದಿರಲಿಕ್ಕಿಲ್ಲ. ಆ ವಾರವೂ, ಅದರ ಮರುವಾರವೂ, ಅದು ಮೊದಲ ಮೆಟ್ಟಿಲಿನಲ್ಲೇ ನಿಂತು ಕಾದಿರಬಹುದು. ಕೇಳಬೇಕಾದ ಇಬ್ಬರೂ ಕೇಳದೆ ಹೋದ ಮೇಲೆ, ಅದು ಎಲ್ಲಿ ನಿಂತಿತ್ತೆಂದು ಹೇಳುವವರು ಯಾರು?

ಅವಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಡ್ರೈವರ್ ಬಂದು ಎಂಜಿನ್ ಚಾಲೂ ಮಾಡಿದ. ಅವಳು ಕಿಟಕಿಯಿಂದ ಬಾಗಿ, ಅವನನ್ನು ನೇರವಾಗಿ, ಅಂದಿನಷ್ಟೇ ನೇರವಾಗಿ ನೋಡಿದಳು.

"ಬಸ್ ಖಾಲಿ ಅದ ನೋಡ್ರಿ."

ಹೌದು, ಅರ್ಧ ಖಾಲಿ ಇತ್ತು. ಮೇಲಿನ ಕೂಗುವ ಮಿಶಿನ್ನು ಗೊರಗೊರ ಅನ್ನುತ್ತಿತ್ತೇ ಹೊರತು ಯಾವ ಊರಿನ ಹೆಸರೂ ತಿಳಿಯುತ್ತಿರಲಿಲ್ಲ. ಬಸ್ಸು ಖಾಲಿ ಹೋಗುವುದನ್ನು ಅವನು ಜನ್ಮದಲ್ಲಿ ಸಹಿಸಿದವನಲ್ಲ, ಒಂದು ಕುರ್ಡಿಯ ಬಸ್ಸನ್ನು ಬಿಟ್ಟರೆ. ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಗುಡ್ಡದಾಚೆಯ ಹಿಂಡಿಗೆ ಕೇಳುವಂತೆ ಕೂಗಿದ:

"ದೇವದುರ್ಗ! ದೇವದುರ್ಗ! ಬರ್ರಿ, ದೇವದುರ್ಗ ಹೊಂಟದ!"

ನಿಲ್ದಾಣವೆಲ್ಲ ತಿರುಗಿ ನೋಡಿತು. ಆ ಕಂಠ ಇನ್ನೂ ಇತ್ತು. ದೂರದ ನೀರಿನ ನಲ್ಲಿಯ ಬಳಿಯಿಂದ ಮುದುಕಿಯೊಬ್ಬಳು ಬುರ್ಖಾ ಎತ್ತಿಕೊಂಡು ಓಡಿಬಂದಳು. "ಹೀರಾಬಿ, ಸಾವಕಾಶ ಹೋಗ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹೀರಾಬಿ ಏದುಸಿರು ಬಿಡುತ್ತ ಅವನ ಭುಜ ತಟ್ಟಿ, "ಭಲಾ ಹೋ ತುಮ್ಹಾರಾ ಬೇಟಾ, ಕೇಳ್ಸಿತು" ಎಂದು ಹರಸಿ ಬಸ್ಸು ಹತ್ತಿದಳು.

ಆಗ ಅವನು ಕಿಟಕಿಯ ಕಡೆ ನೋಡಿದ. ಪಕ್ಕದ ಸೀಟಿನ ಮೇಲೆ ಇಟ್ಟಿದ್ದ ಚೀಲ ಅಲ್ಲಿರಲಿಲ್ಲ. ಅದು ವಿಶಾಖಾಳ ತೊಡೆಯ ಮೇಲಿತ್ತು. ಎರಡೂ ಕೈಗಳಿಂದ ಅದನ್ನು ಎದೆಗೆ ಒತ್ತಿಕೊಂಡು ಅವಳು ಅವನನ್ನೇ ನೋಡುತ್ತಿದ್ದಳು.

"ಈ ಸೀಟು ಯಾರದರ ಅದ ಏನವಾ?" ಹೀರಾಬಿ ಕೇಳಿದ್ದು ಹೊರಗೂ ಕೇಳಿಸಿತು.

ವಿಶಾಖಾ ಅವನಿಂದ ಕಣ್ಣು ತೆಗೆದಳು. ಆಮೇಲೆ ಕಿಟಕಿಯ ಕಡೆಗೆ ಸ್ವಲ್ಪ ಸರಿದು ಕೂತಳು.

"ಇಲ್ಲವಾ," ಎಂದಳು. "ಕೂಡ್ರಿ."

ಬಸ್ಸು ಹೊರಟಿತು. ಅವನ ಕೈಗಳು ಇನ್ನೂ ಬಾಯಿಯ ಬಳಿಯೇ ಇದ್ದವು.