ಗಾಡಿ ಹೊಂಟೈತಿ, ಅಲ್ಲೇ ಇರ್ರಿ

"ಅಪ್ಪ ಮಾಳಿಗಿ ಮ್ಯಾಲಿಂದ ಬಿದ್ದಾನ್ರೀ. ತಲ್ಯಾಗಿಂದ ರಗತ ಹರಿಯಾಕತ್ತೈತ್ರಿ. ಗಾಡಿ ಕಳಸ್ರೀ, ಲಗೂನ ಕಳಸ್ರೀ."

"ಕಳಸೇವ್ರಿ. ನಿಮ್ಮ ಹೆಸರೇನ್ರಿ?"

"ಮಹಾಂತೇಶ್ರೀ."

"ಮಹಾಂತೇಶ ಅವರ, ನಾ ಇಲ್ಲೇ ಅದೀನಿ, ಎಲ್ಲೂ ಹೋಗಂಗಿಲ್ಲ. ಒಂದು ಉಸಿರು ಪೂರಾ ತಗೋರಿ. ಅಪ್ಪಾರನ್ನ ಅಲುಗಾಡಸಬ್ಯಾಡ್ರಿ. ಒಂದು ಅರಿಬಿ ಮಡಚಿ ಗಾಯದ ಮ್ಯಾಲೆ ಒತ್ತಿ ಹಿಡೀರಿ. ಗಾಡಿ ಹೊಂಟೈತಿ, ಅಲ್ಲೇ ಇರ್ರಿ."

ಎರಡು ನಿಮಿಷ ಮೊದಲು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದ ಮಹಾಂತೇಶ ಈಗ ಹೇಳಿದ್ದಕ್ಕೆಲ್ಲ ಹ್ಞೂಂಗುಡುತ್ತಿದ್ದ. ಅವನ ಜೊತೆ ಮಾತಾಡಿದ್ದು ವಿದ್ಯಾಶ್ರೀ ಹೂಗಾರಳ ದನಿ. ಆದರೆ ವಿದ್ಯಾಶ್ರೀ ಇಷ್ಟು ಹೊತ್ತು ತುಟಿ ಬಿಚ್ಚಿರಲಿಲ್ಲ. ತುರ್ತು ಕರೆ ಕೇಂದ್ರದ ತನ್ನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ, ಎದುರಿನ ನಕಾಶೆಯಲ್ಲಿ ಯಾವ ಆಂಬುಲೆನ್ಸ್ ಎಲ್ಲಿದೆ ಎಂದು ನೋಡುತ್ತಿದ್ದಳು. ಅದೇ ಗಳಿಗೆಯಲ್ಲಿ ಅವಳ ದನಿ ಶಹರದ ಬೇರೆ ಬೇರೆ ಮೂಲೆಗಳಲ್ಲಿ ಇನ್ನೂ ಹತ್ತಾರು ಮಂದಿಗೆ ಧೈರ್ಯ ಹೇಳುತ್ತಿತ್ತು.

ಅವಳ ದನಿಯಲ್ಲಿ ಮಾತಾಡುತ್ತಿದ್ದ ಯಂತ್ರದ ಹೆಸರು ಸಮಾಧಾನಿ. ಅದನ್ನು ಕಂಡುಹಿಡಿದವರು ಧ್ವನಿವಿಜ್ಞಾನಿ ಡಾ. ವಾದಿರಾಜ ಕಟ್ಟಿ. ಗಾಬರಿಯಾದ ಮನುಷ್ಯನ ಶ್ರುತಿ ಏರುತ್ತದೆ, ಉಸಿರು ಮೊಟಕಾಗುತ್ತದೆ, ಮಾತುಗಳ ನಡುವಿನ ಬಿಡುವು ಕುಗ್ಗುತ್ತದೆ. ಯಂತ್ರ ಮೊದಲು ಇದನ್ನೆಲ್ಲ ಅಳೆಯುತ್ತದೆ. ಆಮೇಲೆ ಆ ಏರುದನಿಯ ಹತ್ತಿರವೇ ತನ್ನ ದನಿಯನ್ನಿಟ್ಟು ಮಾತು ಶುರುಮಾಡಿ, ಕೇಳುವವರಿಗೆ ಗೊತ್ತೇ ಆಗದಷ್ಟು ನಿಧಾನಕ್ಕೆ ಕೆಳಗಿಳಿಯುತ್ತದೆ. ಅವರ ಉಸಿರೂ ಅದರ ಹಿಂದೆಯೇ ಇಳಿಯುತ್ತದೆ. ಅಳುವ ಕೂಸನ್ನು ಎದೆಗೆ ಒರಗಿಸಿಕೊಂಡು ತಾಯಿ ಮಾಡುವುದೂ ಇಷ್ಟೇ. ಕಟ್ಟಿಯವರು ಅದನ್ನು ಲೆಕ್ಕಕ್ಕೆ ತಂದರು, ಅಷ್ಟೇ.

ಅವರು ಅದನ್ನು ಲೆಕ್ಕಕ್ಕೆ ತಂದದ್ದಕ್ಕೂ ಕಾರಣವಿತ್ತು. ಅವರು ಕಾಲೇಜಿನಲ್ಲಿದ್ದಾಗ ತಂದೆ ಬೈಕಿನಿಂದ ಬಿದ್ದರು. ನೆರೆದ ಜನ ಗಾಬರಿಯಲ್ಲಿ ಅವರ ಕೈಕಾಲು ಹಿಡಿದೆತ್ತಿ ಸರಕಿನ ಗಾಡಿಗೆ ಹಾಕಿದರು. ಮುರಿದ ಬೆನ್ನೆಲುಬು ಆ ಎತ್ತಾಟದಲ್ಲಿ ಪೂರ್ತಿ ಹೋಯಿತು. "ನಮ್ಮಪ್ಪನ್ನ ಕೊಂದಿದ್ದು ಅಪಘಾತ ಅಲ್ಲ, ಗದ್ದಲ" ಎಂದು ಕಟ್ಟಿ ಹೇಳುತ್ತಿದ್ದರು. ಸಮಾಧಾನಿ ಬಂದ ಮೇಲೆ ಅಂಥ ಸಾವು ಕಡಿಮೆಯಾದದ್ದೂ ನಿಜವೇ. ಅದನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ.

ದನಿ ಆರಿಸುವಾಗ ಕೇಂದ್ರದ ಎಲ್ಲರನ್ನೂ ಕರೆದು ಓದಿಸಿದ್ದರು. ವಿದ್ಯಾಶ್ರೀಯ ದನಿ ಗೆದ್ದಿತು. ಅವಳಿಗೆ ಅದರ ಹೆಮ್ಮೆ ಸಣ್ಣದೇನಲ್ಲ. ಕಾಯಿಪಲ್ಲೆ ಕೊಳ್ಳುವಾಗ ಅವಳ ಮಾತು ಕೇಳಿ ಯಾರೋ ಮುದುಕಿ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು. ಗಂಡ ಸಂಗಮೇಶ ಚೇಷ್ಟೆ ಮಾಡುತ್ತಿದ್ದ: "ಊರ ಮಂದಿಗೆಲ್ಲ ಬೆಣ್ಣಿಯಂಥಾ ಮಾತು. ನನಗಷ್ಟ ಖಾರದ ಪುಡಿ." ಸಂಗಮೇಶನಿಗೆ ಒಮ್ಮೆ ಎದೆನೋವು ಬಂದು ಹೋಗಿತ್ತು. ಇನ್ನೊಮ್ಮೆ ಬಂದರೆ ತಡಮಾಡಬೇಡಿ, ಬೇಗ ಬಂದಷ್ಟೂ ಜೀವ ನಿಮ್ಮದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ವಿದ್ಯಾಶ್ರೀಗೆ ಆ ಚಿಂತೆ ಇದ್ದೇ ಇತ್ತು. ಆದರೂ ಒಳಗೊಳಗೇ ಒಂದು ನೆಮ್ಮದಿ: ನಾನು ಡ್ಯೂಟಿಯ ಮೇಲಿದ್ದರೂ ನನ್ನ ದನಿ ಮನೆಯಲ್ಲಿರುತ್ತದೆ, ಮಗಳು ಅನ್ವಿತಾ ಹೆದರುವುದಿಲ್ಲ.

ಆ ಕಾಲಕ್ಕೆ ಇನ್ನೊಂದು ಪೀಡೆಯಿತ್ತು. ದನಿ ನಕಲು ಮಾಡುವ ವಿದ್ಯೆ ಕಳ್ಳರ ಕೈಗೂ ಸಿಕ್ಕಿತ್ತು. ಮಗನ ದನಿಯಲ್ಲಿ ಅತ್ತು ತಾಯಿಯಿಂದ ದುಡ್ಡು ಕೀಳುವುದು, ತಾಯಿಯ ದನಿಯಲ್ಲಿ ಅವಸರ ಮಾಡಿ ಮಕ್ಕಳಿಂದ ಮನೆಯ ಬಾಗಿಲು ತೆಗೆಸುವುದು. ಅದಕ್ಕೇ ಶಾಲೆಗಳಲ್ಲಿ ಪ್ರತಿ ವರ್ಷ ಒಂದು ಪಾಠ ಮಾಡುತ್ತಿದ್ದರು. ನಿಮ್ಮವರ ದನಿ ಗಾಬರಿಯಿಂದ, ಅವಸರದಿಂದ ಏನಾದರೂ ಮಾಡು ಎಂದರೆ ಅದು ಕಳ್ಳರ ದನಿ. ಕೂಡಲೇ ಕರೆ ಕತ್ತರಿಸಿ ತುರ್ತು ಸಂಖ್ಯೆಗೆ ಫೋನ್ ಮಾಡಿ. ಅಲ್ಲಿ ಸಮಾಧಾನದ ದನಿ ಕೇಳುತ್ತದೆ, ಅದನ್ನು ನಂಬಿ. ಅನ್ವಿತಾ ಆ ಪಾಠದಲ್ಲಿ ಚೆನ್ನಾಗಿ ಉತ್ತರ ಹೇಳಿ ಶಭಾಷ್ ಅನ್ನಿಸಿಕೊಂಡ ಹುಡುಗಿ.

ಆ ದಿನ ಮಧ್ಯಾಹ್ನ ಶಹರದಲ್ಲಿ ಚುರುಗುಟ್ಟುವ ಬಿಸಿಲು. ಮಳೆಯಾದದ್ದು ಎಲ್ಲೋ ಮೇಲಿನ ಸೀಮೆಯಲ್ಲಿ. ಶಹರದ ನಡುವೆ ಹರಿಯುವ ಹಳ್ಳಕ್ಕೆ ಇದ್ದಕ್ಕಿದ್ದಂತೆ ನೀರು ಬಂದು ಎರಡೂ ಸೇತುವೆಗಳು ಮುಳುಗಿದವು. ಆಚೆ ದಂಡೆಯಲ್ಲಿ ಬಹಳ ಮನೆಗಳಿದ್ದವು, ಅಲ್ಲೇ ಒಂದು ದೊಡ್ಡ ಆಸ್ಪತ್ರೆಯೂ ಇತ್ತು. ಆದರೆ ಆ ಗಳಿಗೆಗೆ ಆಂಬುಲೆನ್ಸ್‌ಗಳೆಲ್ಲ ಈಚೆ ದಂಡೆಯಲ್ಲಿದ್ದವು. ವಿದ್ಯಾಶ್ರೀ ಅವನ್ನು ಊರ ಹೊರಗಿನ ಹೆದ್ದಾರಿಯ ಮೇಲೆ ಸುತ್ತು ಹಾಕಿಸಿ ಕಳಿಸುತ್ತಿದ್ದಳು. ಆಗ ಪರದೆಯ ಮೇಲೆ ಒಂದು ಹೊಸ ಕರೆ ಮೂಡಿತು. ವಿಳಾಸ ಓದಿದಳು. ಅವಳದೇ ಮನೆ.

"ಅಪ್ಪಗ ಎದಿ ನೋಯಾಕತ್ತೈತಿ. ಮೈಯೆಲ್ಲಾ ಬೆವತಾನ. ಗ್ವಾಡಿಗಿ ಒರಗಿ ಕುಂತಾನ" ಎಂದು ಅನ್ವಿತಾ ಅಳುತ್ತಿದ್ದಳು.

"ಅಂಜಬ್ಯಾಡವಾ, ನಾ ಅದೀನಿ" ಎಂದಿತು ಸಮಾಧಾನಿ. "ಅಂಗಿ ಗುಂಡಿ ಸಡಲ ಮಾಡು. ಬಾಗಿಲಾ ತಗದಿಡು. ಗಾಡಿ ಹೊಂಟೈತಿ, ಅಲ್ಲೇ ಇರು."

ಅದೇನೂ ಸುಳ್ಳಲ್ಲ. ಗಾಡಿ ನಿಜವಾಗಿ ಹೊರಟಿತ್ತು. ಹೆದ್ದಾರಿಯಲ್ಲಿ ಸುತ್ತು ಹಾಕಲು ಹೊರಟ ಉಳಿದ ವಾಹನಗಳ ಸಾಲಿನಲ್ಲಿ ಸಿಕ್ಕಿ, ನಕಾಶೆಯ ಮೇಲೆ ಒಂದು ಕೆಂಪು ಚುಕ್ಕೆಯಾಗಿ ನಿಂತಿತ್ತು. ಅದು ಮುಟ್ಟಲು ಮುಕ್ಕಾಲು ಗಂಟೆಯಾದರೂ ಬೇಕೆಂದು ವಿದ್ಯಾಶ್ರೀಗೆ ತಿಳಿಯಿತು. ಅವಳ ಮನೆಯೂ ಆಚೆ ದಂಡೆಯಲ್ಲೇ, ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಪಕ್ಕದ ಮನೆಯ ಇಮಾಮಸಾಬರ ಹತ್ತಿರ ಕಾಯಿಪಲ್ಲೆ ಮಾರುವ ಮೂರು ಗಾಲಿಯ ಟಂಟಂ ಗಾಡಿಯಿತ್ತು. ಮಧ್ಯಾಹ್ನಕ್ಕೆ ಅವರು ಮನೆಯಲ್ಲೇ ಇರುತ್ತಿದ್ದರು. ಎರಡು ಮನೆಗೂ ಗೋಡೆ ಒಂದೇ. ಆದರೆ ಇಮಾಮಸಾಬರ ಫೋನ್ ನಂಬರು ಅವಳ ಹತ್ತಿರ ಇರಲಿಲ್ಲ. ಆ ಮನೆಗೆ ಬಂದ ನಾಲ್ಕು ವರ್ಷದಲ್ಲಿ ಬೇಕಾಗಿಯೇ ಇರಲಿಲ್ಲ ನೋಡಿ. ಕೇಂದ್ರದವರು ಹುಡುಕುವಂತೆಯೂ ಇರಲಿಲ್ಲ. ಕರೆ ಮಾಡದವರ ನಂಬರು ತೆಗೆಯಲು ಕಾನೂನು ಬಿಡುತ್ತಿರಲಿಲ್ಲ.

ಸಮಾಧಾನಿಯನ್ನು ತಡೆದು ಸಿಬ್ಬಂದಿಯೇ ಮಾತಾಡಲು ಒಂದು ಗುಂಡಿಯಿತ್ತು. ವಿದ್ಯಾಶ್ರೀ ಅದನ್ನು ಒತ್ತಿದಳು.

"ಅನ್ವೀ, ನಾನು ಅವ್ವ. ಫೋನ್ ಒಗಿ. ಹೊರಗ ಓಡು. ಇಮಾಮ ಕಾಕಾನ್ನ ಒದರಿ ಕರಿ, ಅವರ ಗಾಡ್ಯಾಗ ಅಪ್ಪನ್ನ ಹಾಕ್ಕೊಂಡು ಹೋಗ್ರಿ. ಲಗೂ ಓಡ, ನನ್ನವ್ವ, ಓಡ."

ಆ ಕಡೆ ಅಳು ನಿಂತಿತು.

"ಯಾರು ನೀವು?" ಎಂದಳು ಅನ್ವಿತಾ.

"ನಾ ನಿಮ್ಮವ್ವ ಅಲ್ಲೇನ. ಹೊರಗ ಹೋಗಂತೀನಿ."

"ನಮ್ಮವ್ವ ಹಿಂಗ ಮಾತಾಡಂಗಿಲ್ಲ" ಎಂದು ಹುಡುಗಿ ಕರೆ ಕತ್ತರಿಸಿದಳು. ಕೂಡಲೇ ತುರ್ತು ಸಂಖ್ಯೆಗೆ ಮತ್ತೆ ಫೋನ್ ಮಾಡಿದಳು. "ಯಾರೋ ಅವ್ವನ ದನ್ಯಾಗ ಮಾತಾಡಿದ್ರು. ಹೊರಗ ಓಡು ಅಂದ್ರು."

"ಹೆದರಬ್ಯಾಡ. ಅಪ್ಪನ ಕೈ ಹಿಡಕೊಂಡು ಅಲ್ಲೇ ಕುಂದರು" ಎಂದಿತು ಸಮಾಧಾನಿ. ವಿದ್ಯಾಶ್ರೀಯ ದನಿಯಲ್ಲಿ, ವಿದ್ಯಾಶ್ರೀಗಿಂತ ಚೆಂದವಾಗಿ.

ಪಕ್ಕದ ಮೇಜಿನ ಶರಣಬಸು ತಾನೊಮ್ಮೆ ಗುಂಡಿ ಒತ್ತಿ ಮಾತಾಡಿ ನೋಡಿದ. ಗಂಡಸಿನ ದನಿ ಕೇಳಿ ಹುಡುಗಿ ಇನ್ನಷ್ಟು ಹೆದರಿ, ತೆಗೆದಿಟ್ಟ ಬಾಗಿಲನ್ನೂ ಹಾಕಿಕೊಂಡಳು. ಆಗ ವಿದ್ಯಾಶ್ರೀಗೆ ಉಳಿದದ್ದು ಒಂದೇ ದಾರಿ. ಸಮಾಧಾನಿಯ ಹಾಗೆ ಮಾತಾಡಬೇಕು. ಅದೇ ಇಳಿಜಾರಿನ ದನಿಯಲ್ಲಿ, ಅದೇ ಬಿಡುವು ಕೊಟ್ಟು. ದಿನಾ ಕೇಳಿ ಕೇಳಿ ಅವಳಿಗೆ ಅದು ಬಾಯಿಪಾಠವಾಗಿತ್ತು, ಮೊದಲಿಗೆ ಅವಳದೇ ದನಿ ತಾನೇ. ಕಣ್ಣು ಮುಚ್ಚಿ, ಪೂರ್ತಿ ಉಸಿರೆಳೆದು ಗುಂಡಿ ಒತ್ತಿದಳು.

"ಅನ್ವಿತಾ, ಅಂಜಬ್ಯಾಡವಾ. ನಾ ಇಲ್ಲೇ ಅದೀನಿ. ಈಗ ನೀ ಮೆಲ್ಲಕ ಎದ್ದು, ಬಾಜೂ ಮನಿ..."

ಹಿಂದಿನಿಂದ ಸಂಗಮೇಶ ನರಳಿದ್ದು ಕೇಳಿಸಿತು. ವಿದ್ಯಾಶ್ರೀಯ ಬಾಯಿಂದ ಮಾತಿನ ಬದಲು ಒಂದು ಅಳು ಹೊರಬಂತು. ಅನ್ವಿತಾ ಮತ್ತೆ ಕರೆ ಕತ್ತರಿಸಿದಳು.

ಗಾಡಿ ಮನೆ ಮುಟ್ಟಿದಾಗ ಅನ್ವಿತಾ ಅಪ್ಪನ ಕೈ ಹಿಡಿದುಕೊಂಡು, ಹೇಳಿದಂತೆ, ಅಲ್ಲೇ ಕೂತಿದ್ದಳು. ಕೈ ಆಗಲೇ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮರುದಿನ ಇಮಾಮಸಾಬರು ಮನೆಯ ಹೊಸ್ತಿಲ ಹತ್ತಿರ ಬಂದು ಕೂತರು. ಹೇಳಿದರು: "ಆ ಹೊತ್ತಿನಾಗ ನಾ ಇಲ್ಲೇ ಗಾಡಿ ತೊಳ್ಯಾಕತ್ತಿದ್ದೆ ತಂಗಿ. ಒಂದ ಸಲ ಒದರಿದ್ರ ಬರ್ತಿದ್ದೆನಲ್ಲವಾ. ಒಂದ ಸಲ."

ವಿದ್ಯಾಶ್ರೀ ಬಿಕ್ಕಿ ಬಿಕ್ಕಿ ಅತ್ತಳು.

ವಾರದ ಮೇಲೆ ಡಾ. ಕಟ್ಟಿ ಬಂದರು. ಅವರು ಆ ಕರೆಯನ್ನು ಕೇಳಿದ್ದರು. ಮುಖ ಇಳಿದುಹೋಗಿತ್ತು.

"ಯಂತ್ರದಾಗ ತಪ್ಪೇನಿತ್ರಿ, ಸರ?" ಎಂದು ವಿದ್ಯಾಶ್ರೀ ಕೇಳಿದಳು.

"ತಪ್ಪಿಲ್ಲವಾ. ನಾ ಏನು ಕಲಿಸಿದ್ನೋ ಅದನ್ನ ಮಾಡ್ಯದ. ತಪ್ಪಿದ್ದರ ತಿದ್ದಬಹುದಿತ್ತು."

ಅವರು ಹಳೆಯ ಕರೆಗಳನ್ನು ಹುಡುಕಿಸಿ ತೆಗೆಸಿ ಕೇಳಿದ್ದರಂತೆ. ಸಮಾಧಾನಿ ಬರುವ ಮೊದಲಿನವು, ಬಂದ ಮೇಲಿನವು. ಮಾತನ್ನು ಬಿಟ್ಟು, ಮಾತಿನ ಹಿಂದೆ ಕೇಳುವ ಸಪ್ಪಳಕ್ಕಷ್ಟೇ ಕಿವಿಗೊಟ್ಟು. "ಮೊದಲಿನ ಕರೆಗಳೊಳಗ ಹಿಂದ ಯಾವಾಗಲೂ ಮಂದಿ ಇರತಾರ. ನೀರು ತರ್ರಿ ಅಂತಾರ, ಗಾಡಿ ಹೊಡೀರಿ ಅಂತಾರ, ಯಾರೋ ಬೈತಾರ, ಯಾರೋ ಅಳತಾರ. ಈಚಿನ ಕರೆಗಳೊಳಗ ಏನೂ ಇಲ್ಲ. ಫ್ಯಾನಿನ ಸಪ್ಪಳ ಕೇಳತದ, ಗಡಿಯಾರದ್ದು ಕೇಳತದ. ಮಂದಿ ಒದರೂದ ಬಿಟ್ಟಾರ. ಒದರದಿದ್ರ ಬಾಜೂ ಮನಿಯವ ಹ್ಯಾಂಗ ಬರತಾನ? ನಾ ಗದ್ದಲಾನ ರೋಗ ಅಂತ ತಿಳಕೊಂಡಿದ್ದೆ. ನಮ್ಮಪ್ಪನ್ನ ತಪ್ಪಾಗಿ ಎತ್ತಿದ್ರು, ಖರೆ. ಆದ್ರ ಎತ್ತಲಿಕ್ಕೆ ಅಷ್ಟು ಮಂದಿ ಓಡಿ ಬಂದಿದ್ರು ಅನ್ನೂದು ನನಗ ಹೊಳೀಲೇ ಇಲ್ಲ."

ಯಂತ್ರವನ್ನು ನಿಲ್ಲಿಸುವುದು ಈಗ ಅವರ ಕೈಯಲ್ಲಿರಲಿಲ್ಲ. ಜನಕ್ಕೆ ಅದು ಬಹಳ ಮೆಚ್ಚುಗೆಯಾಗಿತ್ತು. ಬೇರೆ ಶಹರಗಳೂ ತರಿಸಿಕೊಂಡಿದ್ದವು. ಸಮಾಧಾನಿ ಹೇಳುವ ಮಾತುಗಳಿಗೆ ಇನ್ನೊಂದು ಮಾತನ್ನು ಸೇರಿಸಲು ಮಾತ್ರ ಅವರು ಒಪ್ಪಿಗೆ ಪಡೆದಿದ್ದರು. ಅದನ್ನು ವಿದ್ಯಾಶ್ರೀಯೇ ಹೇಳಬೇಕಿತ್ತು. ಅವಳು ಧ್ವನಿಮುದ್ರಣದ ಕೋಣೆಗೆ ಹೋಗಿ ನಿಂತು ಹೇಳಿದಳು: ಹೊರಗ ಹೋಗಿ ಒದರ್ರಿ, ಓಣಿ ಮಂದೀನ ಕರೀರಿ. ಮೂರು ಸಲ ಹೇಳಿದಳು. ಮೂರನೆಯ ಸಲ ಅದು ಹೇಳಿದಂತಿರಲಿಲ್ಲ, ಚೀರಿದಂತಿತ್ತು. ಗಾಜಿನ ಆಚೆ ಕೂತ ಕಟ್ಟಿಯವರು ತಲೆ ತಗ್ಗಿಸಿದರು.

ಸಮಾಧಾನಿ ಆ ಮಾತನ್ನು ಕಲಿತುಕೊಂಡಿತು. ತನ್ನ ರೀತಿಯಲ್ಲಿ ನಯಮಾಡಿ, ಶ್ರುತಿ ಇಳಿಸಿ, ನಡುವೆ ಬಿಡುವು ಕೊಟ್ಟು ಮಂದಿಗೆ ಹೇಳತೊಡಗಿತು. ಅಷ್ಟು ನೆಮ್ಮದಿಯ ದನಿಯಲ್ಲಿ ಒದರ್ರಿ ಎಂದರೆ ಯಾರು ಒದರುತ್ತಾರೆ? ಜನ ಹ್ಞೂಂ ಅಂದರು, ಕೂತಲ್ಲೇ ಕೂತರು.

ಇತ್ತ ಅನ್ವಿತಾ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ವಿದ್ಯಾಶ್ರೀ ಮೆಲುದನಿಯಲ್ಲಿ ಕರೆದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಭಾನುವಾರ ಬೆಳಗ್ಗೆ ತಲೆ ಬಾಚಿಸಿಕೊಳ್ಳುತ್ತ, ಹಿಂದೆ ತಿರುಗದೆ, ತಾನಾಗಿಯೇ ಅಂದಳು: "ಸಾಲ್ಯಾಗ ಹೇಳಿಕೊಟ್ಟಂಗ ಮಾಡೀನಿ ಅವ್ವಾ. ಎಲ್ಲಾ ಹಂಗ ಮಾಡೀನಿ."

ವಿದ್ಯಾಶ್ರೀಯ ಕೈಯಿಂದ ಹಣಿಗೆ ಜಾರಿತು. "ಹೌದವಾ. ನಿಂದೇನೂ ತಪ್ಪಿಲ್ಲ" ಎಂದಳು. ಹೇಳಿದ ಮೇಲೆ ಅವಳಿಗೇ ಕೇಳಿಸಿತು, ಆ ಮಾತು ಎಷ್ಟು ನಯವಾಗಿ, ಯಂತ್ರದ ಹಾಗೆಯೇ ಬಂತೆಂದು. ಮಗಳ ಹೆಗಲು ಸೆಟೆದದ್ದು ಕಂಡಿತು. ಎದ್ದು ಹುಡುಗಿಯ ರಟ್ಟೆ ಹಿಡಿದು, ಅರ್ಧ ಬಾಚಿದ ತಲೆಯಲ್ಲೇ ಅವಳನ್ನು ಬೀದಿಗೆ ಎಳೆದುತಂದು ನಿಲ್ಲಿಸಿದಳು.

"ಒದರು" ಎಂದಳು.

"ಏನಂತ?"

"ಏನರ ಅನ್ನು. ಬರ್ರಿ ಅನ್ನು. ಯಾರರ ಬರ್ರಿ ಅನ್ನು."

ಅನ್ವಿತಾ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಹುಟ್ಟಿದಾಗಿನಿಂದ ಅವಳು ಬೀದಿಯಲ್ಲಿ ದನಿ ಎತ್ತಿದವಳಲ್ಲ. ಎತ್ತಬಾರದೆಂದೇ ಎಲ್ಲರೂ ಹೇಳಿಕೊಟ್ಟಿದ್ದರು. ಆಗ ವಿದ್ಯಾಶ್ರೀ ತಾನೇ ಒದರಿದಳು. ಸೀರೆಯ ಸೆರಗು ಜಾರಿದರೂ ಲೆಕ್ಕಿಸದೆ, ಗಂಟಲು ಹರಿಯುವ ಹಾಗೆ, ಆ ದಿನ ಫೋನಿನಲ್ಲಿ ಒದರಿದ್ದಕ್ಕಿಂತ ಕೆಟ್ಟದಾಗಿ. ಶಹರವೆಲ್ಲ ನಂಬಿಕೊಂಡಿದ್ದ ಆ ದನಿ ಒಡೆದು ಹೋಳಾಗಿ ಬೀದಿಯ ತುಂಬ ಬಿತ್ತು.

ಅನ್ವಿತಾ ಬೆರಗಾಗಿ ತಾಯಿಯ ಮುಖ ನೋಡಿದಳು. "ಅವತ್ತು ಫೋನಿನಾಗ ನೀನ ಇದ್ದಿ" ಎಂದಳು. ಇಷ್ಟು ದಿನ ಅದು ಅವಳಿಗೆ ಬರೀ ಮಂದಿ ಹೇಳಿದ ಮಾತಾಗಿತ್ತು. ಆಮೇಲೆ ಅವಳೂ ಒದರಿದಳು. ಮೊದಲು ಕೀರಲಾಗಿ, ಆಮೇಲೆ ದೊಡ್ಡದಾಗಿ, ಆಮೇಲೆ ನಿಲ್ಲಿಸಲಾಗದೆ.

ಇಮಾಮಸಾಬರ ಬಾಗಿಲು ಬಡಕ್ಕನೆ ತೆರೆಯಿತು. ಅವರು ಬರಿಗಾಲಲ್ಲಿ, ಕೈಯಲ್ಲಿ ಟಂಟಂ ಗಾಡಿಯ ಕೀಲಿ ಹಿಡಿದು ಓಡಿಬಂದರು. "ಏನಾತವಾ, ಯಾರಿಗೆ ಏನಾತು?" ಎಂದರು.

ಓಣಿಯಲ್ಲಿ ಇನ್ನೂ ಬಹಳ ಮನೆಗಳಿದ್ದವು. ಅವುಗಳಲ್ಲಿ ಎಷ್ಟು ಬಾಗಿಲು ತೆರೆದವು, ಎಷ್ಟು ಕಿಟಕಿ ಮುಚ್ಚಿದವು ಎಂದು ನಾನು ಇಲ್ಲಿ ಹೇಳುವುದಿಲ್ಲ. ಇದು ಮುಂದೆಂದೋ ಆಗುವ ಕತೆ, ಆ ಯಂತ್ರ ಇನ್ನೂ ಬಂದಿಲ್ಲ. ನಿಮ್ಮ ಪಕ್ಕದ ಮನೆಯವರ ಹೆಸರು ನಿಮಗೆ ಗೊತ್ತಿದ್ದರೆ, ಇವತ್ತೇ ಒಮ್ಮೆ ಕೂಗಿ ನೋಡಿ.