ಗಡಿಯಾರಕ್ಕೆ ಕಾಯದ ಗ್ರಹ

ಲಿಫ್ಟ್ ಬಾಗಿಲು ಮುಚ್ಚಿದ್ದೇ ತಡ, ಕತ್ತಿನ ಮೇಲೆ ತಣ್ಣಗೆ ಚೂರಿ ಕೂತಿತು.

"ಡಿಸ್ಕ್ ಕೊಡು," ಅಂದ ಡ್ರೈವರ್. ಸಂಶೋಧನಾಲಯದ ಡೈರೆಕ್ಟರ್ ಕಾರು ಓಡಿಸುವವನು, ಬಿಡುವಾದಾಗ ಮೂಳೆ ಮುರಿಯುವವನು.

"ಯಾವ ಡಿಸ್ಕ್?"

ಅವನ ಮೊಣಕೈ ನನ್ನ ದವಡೆಗೆ ಬಿತ್ತು. ಹಲ್ಲೊಂದು ಬಾಯಲ್ಲೇ ಓಡಾಡತೊಡಗಿತು...

ಡಿಸ್ಕನ್ನು ಡೈರೆಕ್ಟರ್ ಬೀರುವಿನಿಂದ ಆಗ ತಾನೇ ಎತ್ತಿದ್ದೆ. ಕದ್ದದ್ದಲ್ಲ ಸ್ವಾಮಿ, ವಾಪಸ್ ತಂದದ್ದು! ನಾನು ಖಾಸಗಿ ಪತ್ತೇದಾರ. ನನ್ನ ಕ್ಲೈಂಟ್ ಮೇಡಂ ವರ್ಷಗಟ್ಟಲೆ ಒಂದೇ ನಕ್ಷತ್ರವನ್ನು ದಿಟ್ಟಿಸಿ ಗ್ರಹವೊಂದನ್ನು ಹಿಡಿದಿದ್ದರು. ಗಾತ್ರ ನಮ್ಮ ಭೂಮಿಯಷ್ಟೇ. ಆದರೆ ನಕ್ಷತ್ರಕ್ಕೆ ಎಷ್ಟು ಅಂಟಿಕೊಂಡು ಸುತ್ತುತ್ತದೆಂದರೆ, ನಮ್ಮ ಒಂದು ದಿನ ಮುಗಿಯುವುದರೊಳಗೆ ಅದರ ವರ್ಷ ಮುಗಿದಿರುತ್ತದೆ. ಅದು ಅಡ್ಡ ಬಂದಾಗಲೆಲ್ಲ ನಕ್ಷತ್ರದ ಬೆಳಕು ಒಂಚೂರು ಕುಗ್ಗುತ್ತದೆ. ಅದೇ ಸಾಕ್ಷಿ.

ಡೈರೆಕ್ಟರ್ ಡಿಸ್ಕ್ ಕಿತ್ತುಕೊಂಡು, ಮೇಡಂ ಅವರನ್ನು ಕೆಲಸದಿಂದ ಕಿತ್ತುಹಾಕಿ, ಗ್ರಹ ತನ್ನದೆಂದು ಇವತ್ತು ರಾತ್ರಿ ಪತ್ರಕರ್ತರ ಮುಂದೆ ಸಾರಲಿದ್ದ.

ಲಿಫ್ಟ್ ನಿಂತಿತು. ಡ್ರೈವರ್ ಕಾಲು ತುಳಿದು ಓಡಿದೆ. ಮೆಟ್ಟಿಲು, ಕಾರಿಡಾರ್, ಕ್ಯಾಂಟೀನ್... ತಟ್ಟೆಗಳ ಸಮೇತ ಉರುಳಿದೆ. ಡಿಸ್ಕ್ ಅವನ ಕೈ ಸೇರಿತು.

ಮೇಡಂಗೆ ಫೋನ್ ಮಾಡಿದೆ.

"ಕೈ ತಪ್ಪಿತು ಮೇಡಂ. ಹಲ್ಲೂ ಹೋಯ್ತು."

"ಗ್ರಹ ಎಷ್ಟು ಗಂಟೆಗೆ ಅಡ್ಡ ಬರುತ್ತಂತೆ?"

"ಹನ್ನೊಂದಕ್ಕೆ. ದೊಡ್ಡ ಪರದೆ ಮೇಲೆ ಲೈವ್ ತೋರಿಸ್ತಾರಂತೆ."

ಮೇಡಂ ನಕ್ಕರು. "ಆ ಡಿಸ್ಕ್ ತುಂಬಿಸಿದ ಕಂಪ್ಯೂಟರಿನ ಗಡಿಯಾರ ಏಳು ನಿಮಿಷ ಹಿಂದಿದೆ. ಸರಿ ಮಾಡ್ಸಿ ಅಂತ ಹೇಳಿ ಹೇಳಿ ಸಾಕಾಯ್ತು, ಡೈರೆಕ್ಟರ್ ಕಿವಿಗೇ ಹಾಕ್ಕೊಳ್ಳಲಿಲ್ಲ. ಲೆಕ್ಕ ಹಾಕುವಾಗ ಆ ಏಳು ನಿಮಿಷ ನಾನೇ ಮನಸ್ಸಲ್ಲಿ ಸೇರಿಸ್ಕೋತಿದ್ದೆ. ಬನ್ನಿ, ಹಾಲ್‌ಗೆ ಹೋಗೋಣ."

ಹನ್ನೊಂದಾಯಿತು. ಬೆಳಕು ತೋರಿಸುವ ಗೆರೆ ಪರದೆಯ ಮೇಲೆ ನೆಟ್ಟಗೆ ಸಾಗಿತ್ತು. ಡೈರೆಕ್ಟರ್ ಬೆವರು ಒರೆಸಿಕೊಂಡ. ಪತ್ರಕರ್ತರು ಮುಖ ಮುಖ ನೋಡಿಕೊಂಡರು.

ಹಿಂದಿನ ಸಾಲಿನಲ್ಲಿ ಮೇಡಂ ಎದ್ದು ನಿಂತರು.

"ಇನ್ನೂ ಏಳು ನಿಮಿಷ ಇದೆ ಸರ್. ನನ್ನ ಗ್ರಹ ನಿಮ್ಮ ಗಡಿಯಾರ ನೋಡ್ಕೊಂಡು ಬರಲ್ಲ."

"ಇವಳನ್ನ ಹೊರಗೆ ಹಾಕಿ," ಅಂದ ಡೈರೆಕ್ಟರ್.

ಡ್ರೈವರ್ ನುಗ್ಗಿ ಬಂದ. ನಾನು ಅಡ್ಡ ನಿಂತೆ.

"ಇನ್ನೂ ಮೂವತ್ತೊಂದು ಹಲ್ಲಿದೆ. ನಿಧಾನಕ್ಕೆ ಬಾ."

ಅಷ್ಟೂ ಕ್ಯಾಮೆರಾಗಳು ನಮ್ಮ ಕಡೆ ತಿರುಗಿದವು. ಅವನು ಅಲ್ಲೇ ನಿಂತ. ಯಾರೂ ಹೊರಡಲಿಲ್ಲ. ಒಂದು... ಎರಡು... ಐದು...

ಏಳನೇ ನಿಮಿಷಕ್ಕೆ ಗೆರೆ ಮೆಲ್ಲಗೆ ಕೆಳಗಿಳಿಯಿತು!

ಪತ್ರಕರ್ತರೆಲ್ಲ ಡೈರೆಕ್ಟರಿಗೆ ಬೆನ್ನು ಹಾಕಿ ಮೇಡಂ ಅವರನ್ನು ಮುತ್ತಿದರು. ನನಗೋ, ಊದಿದ ದವಡೆಯಲ್ಲೂ ನಗು ತಡೆಯಲಾಗಲಿಲ್ಲ.

ಡ್ರೈವರ್ ಜೇಬಿನಿಂದ ಡಿಸ್ಕ್ ತೆಗೆದು ಪಿಳಿಪಿಳಿ ನೋಡಿದ. "ಈಗ ಇದನ್ನೇನು ಮಾಡ್ಲಿ?"

"ನಿಮ್ಮ ಸಾಹೇಬ್ರಿಗೇ ಕೊಡು," ಅಂದೆ. "ಮೊದಲು ಗಡಿಯಾರ ರಿಪೇರಿ ಮಾಡಿಸೋಕೆ ಹೇಳು."